ಹೊಲ ಕೇಳುವವರು, ಮತ ಕೇಳುವವರು

ಈ ಪುಟದಲ್ಲಿ ತೊಗರಿಗೆ ಬರುವ ಗೊಡ್ಡುರೋಗ, ಅಲ್ಲದ ಗಡ್ಡೆ ಕೊಳೆಯುವುದು, ಕೂಳೆ ಕಬ್ಬನ್ನು ಕಾಯುವ ಬಗೆ ಮುಂತಾದ್ದನ್ನು ಬರೆಯುವುದು ನಮ್ಮ ವಾಡಿಕೆ. ಈ ವಾರ ಬೆಳೆಯನ್ನು ಬದಿಗಿಟ್ಟು ಹೊಲವನ್ನೇ ಕುರಿತು ಬರೆಯುತ್ತೇವೆ. ಹೊಲವನ್ನು ಯಾರು ಕೇಳಬಹುದು, ಅದರ ಮೇಲೆ ಬರುವ ಸರ್ಕಾರದ ಹಣ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗಳು ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಅಣ್ಣತಮ್ಮಂದಿರನ್ನೂ ಬೇರೆ ಬೇರೆ ಕಟ್ಟೆಯ ಮೇಲೆ ಕೂರಿಸಿವೆ. ಮತ ಕೇಳಲು ಬರುವ ಪಕ್ಷಗಳು ಇಂಥ ಪ್ರಶ್ನೆಗಳನ್ನು ಹೇಗೆ ಸಂಬಾಳಿಸುತ್ತವೆ, ಮತ ಹಾಕುವ ನಾವಾದರೂ ಹೇಗೆ ಸಂಬಾಳಿಸುತ್ತೇವೆ ಎಂಬುದನ್ನು ವಿಚಾರಿಸೋಣ. ಇಂಥವರಿಗೆ ಮತ ಹಾಕಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ನಾವು ಮಾಸ್ತರರು, ಚುನಾವಣೆ ಬಂತೆಂದರೆ ಮತಯಂತ್ರ ಕಾಯುವ ಕೆಲಸ ನಮ್ಮ ಕೊರಳಿಗೇ ಬೀಳುತ್ತದೆ.

ಮೊದಲು ಹಳೆಯದೊಂದು ಮಾತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ನಮ್ಮ ಸೀಮೆಯನ್ನು ಸರ್ಕಲ್ ಲೆಕ್ಕದಲ್ಲಿ ಹರಿದು ಹಂಚಿದರು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲ್ಕಲ್ ಸರ್ಕಲ್, ಇವು ಆಂಧ್ರ ಪ್ರದೇಶಕ್ಕೆ ಹೋದವು. ನಿರ್ಣಾದವರು ಕನ್ನಡ ರಾಜ್ಯದೊಳಗೆ ಉಳಿದರು, ನ್ಯಾಲ್ಕಲ್ಲಿನವರು ಹೊರಗಾದರು. ಭಾಷೆಯ ಮಾತು ಇರಲಿ, ಅದನ್ನು ಈ ಪತ್ರಿಕೆಯ ಬೇರೆ ಪುಟಗಳು ನೋಡಿಕೊಳ್ಳುತ್ತವೆ. ಹೊಲದ ಮಟ್ಟಿಗೆ ಆದದ್ದೇನೆಂದರೆ, ಒಂದೇ ಮನೆತನದ ಎರಡು ಕವಲುಗಳಿಗೆ ಎರಡು ಕಾನೂನುಗಳಾದವು. ಅದರ ಫಲವನ್ನು ಮುಂದೆ ಹೇಳುತ್ತೇವೆ.

ಈಗ ಅದೇ ನ್ಯಾಲ್ಕಲ್ ಕಡೆಗೆ ಬನ್ನಿ. ನ್ಯಾಲ್ಕಲ್ ಮತ್ತು ಝರಾಸಂಗಂ ಮಂಡಲಗಳ 17 ಹಳ್ಳಿಗಳಲ್ಲಿ 12,635 ಎಕರೆಯ ಕೈಗಾರಿಕಾ ವಲಯವೊಂದನ್ನು ಗೊತ್ತು ಮಾಡಲಾಗಿದೆ. ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ ಎಂದು ಅದರ ಪೂರ್ತಿ ಹೆಸರು. ಜನರ ಬಾಯಲ್ಲಿ ಅದು ‘ನಿಮ್ಜ್’. ಇದರ ಮಾತು ಎದ್ದದ್ದು ದಿಲ್ಲಿಯಲ್ಲೂ ಹೈದರಾಬಾದಿನಲ್ಲೂ ಕಾಂಗ್ರೆಸ್ ಸರ್ಕಾರವಿದ್ದಾಗ. ಭೂಮಿ ಪಡೆಯುವ ಕೆಲಸ ಬಿರುಸಾದದ್ದು ತೆಲಂಗಾಣ ರಾಜ್ಯವಾದ ಮೇಲೆ, ಟಿ.ಆರ್.ಎಸ್. ಆಳ್ವಿಕೆಯಲ್ಲಿ. ಕೊನೆಯ ಒಪ್ಪಿಗೆ ದೊರೆತದ್ದು 2016ರಲ್ಲಿ, ದಿಲ್ಲಿಯಲ್ಲಿ ಬಿ.ಜೆ.ಪಿ. ಸರ್ಕಾರವಿದ್ದಾಗ. 2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳ ಪಟ್ಟಿಯಲ್ಲಿಯೂ ಜಹೀರಾಬಾದಿನ ಹೆಸರಿದೆ. ಹೀಗೆ ಮೂರು ಪಕ್ಷಗಳ ಕೈಯೂ ಈ ಹಿಟ್ಟಿನಲ್ಲಿ ಆಡಿದೆ. ಆದಕಾರಣ ನಮ್ಮೂರ ವೇದಿಕೆಯ ಮೇಲೆ ನಿಂತು ಇದನ್ನು ಬಯ್ಯುವ ಪಕ್ಷ ಯಾವುದಾದರೂ ಸರಿ, ಅದು ಅರ್ಧ ದನಿಯಲ್ಲೇ ಬಯ್ಯುತ್ತದೆ.

ಭೂಸ್ವಾಧೀನದ ಕಾನೂನಿನ ಕಥೆಯೂ ಇಂಥದೇ. 2013ರ ಕಾಯ್ದೆಯನ್ನು ಕಾಂಗ್ರೆಸ್ ಸರ್ಕಾರ ತಂದಿತು, ಬಿ.ಜೆ.ಪಿ. ಸಂಸತ್ತಿನಲ್ಲಿ ಬೆಂಬಲಿಸಿತು. ಅದರಲ್ಲಿ ಒಂದು ದೊಡ್ಡ ಗುಣವುಂಟು: ಪಟ್ಟಾ ಇದ್ದವನನ್ನಷ್ಟೇ ಅದು ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರು ವರ್ಷಗಳಿಂದ ಆ ಊರ ಹೊಲದಲ್ಲಿ ದುಡಿದೇ ಹೊಟ್ಟೆ ಹೊರೆದ ಕೂಲಿಕಾರ, ಕೋರಿನವ, ಲಾವಣಿದಾರ ಇವರ ಮನೆಗಳನ್ನೂ ‘ಬಾಧಿತ ಕುಟುಂಬ’ವೆಂದು ಎಣಿಸಿತು. ಆದರೆ 2014ರ ಡಿಸೆಂಬರ್ ಕೊನೆಯಲ್ಲಿ, ಅಧಿಕಾರಕ್ಕೆ ಬಂದಿದ್ದ ಬಿ.ಜೆ.ಪಿ. ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಆ ಕಾಯ್ದೆಯನ್ನು ಸಡಿಲಿಸಹೊರಟಿತು. ದೇಶದ ರೈತರು ಎದ್ದು ನಿಂತರು. 2015ರ ಆಗಸ್ಟ್ ಕೊನೆಗೆ ಸುಗ್ರೀವಾಜ್ಞೆ ಸತ್ತಿತು. ಎಲ್ಲರೂ ಗೆದ್ದೆವೆಂದುಕೊಂಡರು. ಆದರೆ ದಿಲ್ಲಿ ಕೈಬಿಟ್ಟ ಕೆಲಸವನ್ನು ರಾಜ್ಯಗಳು ಒಂದೊಂದಾಗಿ ಎತ್ತಿಕೊಂಡವು. ಒಂದು ದೊಡ್ಡ ಜಗಳವನ್ನು ಹತ್ತು ಸಣ್ಣ ಜಗಳಗಳಾಗಿ ಒಡೆದರೆ ಸದ್ದು ಕಡಿಮೆಯೆಂಬುದು ಪಕ್ಷಗಳಿಗೆ ಚೆನ್ನಾಗಿ ಗೊತ್ತು.

ತೆಲಂಗಾಣ ಸರ್ಕಾರ 2015ರ ಜುಲೈನಲ್ಲಿ 123ನೆಯ ನಂಬರಿನ ಆದೇಶ ಹೊರಡಿಸಿ ರೈತರಿಂದ ನೇರ ಖರೀದಿಗೆ ಇಳಿಯಿತು. ಮಾರುವವನಿಗೆ ಒಂದೇ ಗಂಟಿನಲ್ಲಿ ಹಣ. ಪಟ್ಟಾ ಭೂಮಿಗೆ ಒಂದು ದರ, ಸರ್ಕಾರ ಬಡವರಿಗೆ ಹಂಚಿದ ಅಸೈನ್ಡ್ ಭೂಮಿಗೆ ಅದಕ್ಕಿಂತ ಕಡಿಮೆ ದರ, ಕೂಲಿಯವನಿಗೆ ಸೊನ್ನೆ. ಊರು ಒಡೆದದ್ದು ಇಲ್ಲಿ. ಹೈದರಾಬಾದಿನಲ್ಲಿ ಮನೆ ಮಾಡಿಕೊಂಡವನಿಗೆ ಗರಸು ಹೊಲ ಮಾರಿದರೆ ಲಾಭ. ಮಗಳ ಮದುವೆಯ ಸಾಲವಿದ್ದವನಿಗೆ ತುರ್ತು. ಬಾವಿ ತೋಡಿ ಅಲ್ಲ, ಆಲೂಗಡ್ಡೆ ಬೆಳೆಯುತ್ತಿದ್ದವನಿಗೆ ಎದೆ ಬಡಿತ. ಇವರೆಲ್ಲರ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದವರನ್ನು ಮಾತ್ರ ಯಾರೂ ಕೇಳಲಿಲ್ಲ. ಕಡೆಗೆ ಹೈಕೋರ್ಟಿನ ಮೆಟ್ಟಿಲು ಹತ್ತಿದವರು ಆ ಕೂಲಿಕಾರರೇ. ಅಂದಿನ ಮೆದಕ ಜಿಲ್ಲೆಯ ಕೂಲಿಕಾರರ ಅರ್ಜಿಯ ಮೇಲೆ 2016ರ ಆಗಸ್ಟ್ 3ರಂದು ಏಕಸದಸ್ಯ ಪೀಠ ಆ ಆದೇಶವನ್ನು ರದ್ದುಮಾಡಿತು. ತರುವಾಯ ರಾಜ್ಯ ಸರ್ಕಾರ 2013ರ ಕಾಯ್ದೆಗೇ ತನ್ನ ತಿದ್ದುಪಡಿ ತಂದು, ಒಪ್ಪಂದದ ಖರೀದಿಗೂ, ಕೈಗಾರಿಕಾ ಕಾರಿಡಾರಿನಂಥ ಕೆಲಸಗಳಿಗೆ ಸಾಮಾಜಿಕ ಪರಿಣಾಮದ ಅಧ್ಯಯನದಿಂದ ವಿನಾಯಿತಿಗೂ ದಾರಿ ಮಾಡಿಕೊಂಡಿತು.

ಇಷ್ಟೆಲ್ಲ ಆದ ಮೇಲೆ ಮತಗಳು ಎತ್ತ ಹೋದವು? ಜಹೀರಾಬಾದ್ ವಿಧಾನಸಭಾ ಕ್ಷೇತ್ರ 2014ರಲ್ಲಿ ಕಾಂಗ್ರೆಸ್ಸಿಗೆ ಒಲಿದಿತ್ತು. ಭೂಮಿ ತೆಗೆದುಕೊಂಡ ಮೇಲೆ, 2018ರಲ್ಲಿ, ತೆಗೆದುಕೊಂಡ ಪಕ್ಷವೇ ಗೆದ್ದಿತು. 2023ರಲ್ಲಿ ರಾಜ್ಯವೆಲ್ಲ ಕಾಂಗ್ರೆಸ್ಸಿನ ಕಡೆ ಹೊರಳಿದಾಗಲೂ ಜಹೀರಾಬಾದಿನಲ್ಲಿ ಅದೇ ಪಕ್ಷ, ಬಿ.ಆರ್.ಎಸ್. ಎಂಬ ಹೊಸ ಹೆಸರಿನಲ್ಲಿ, ಉಳಿದುಕೊಂಡಿತು. ಜನ ಮರೆತರೆಂದು ಪಟ್ಟಣದ ಪಂಡಿತರು ಹೇಳುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ಲೆಕ್ಕ ಸರಳವಾಗಿದೆ. ಹೊಲ ಹೋದದ್ದು 17 ಹಳ್ಳಿಗಳಲ್ಲಿ. 2018ರ ಮೇ ತಿಂಗಳಿಂದ ಎಕರೆಗೆ ಹಂಗಾಮಿಗೆ 4,000 ರೂಪಾಯಿಯ ರೈತ ಬಂಧು ಹಣ ಬಂದದ್ದು ಕ್ಷೇತ್ರದ ಎಲ್ಲ ಹಳ್ಳಿಗಳಲ್ಲಿ. ಕೆಲವರಿಗೆ ಆಳವಾದ ಗಾಯ, ಬಹಳ ಜನಕ್ಕೆ ಸಣ್ಣ ಸಹಾಯ. ಮತಯಂತ್ರಕ್ಕೆ ಗಾಯದ ಆಳ ಅಳೆಯಲು ಬರುವುದಿಲ್ಲ, ಬೆರಳು ಎಣಿಸಲಷ್ಟೇ ಬರುತ್ತದೆ. ತಾಂಡೂರಿನವರ ಅನುಭವ ಇನ್ನೊಂದು ಬಗೆಯದು. 2018ರಲ್ಲಿ ಅವರು ಕೈ ಗುರುತಿಗೆ ಒತ್ತಿ ಗೆಲ್ಲಿಸಿದ ಸದಸ್ಯರು 2019ರಲ್ಲಿ ಕಾರಿನೊಳಗೆ ಕೂತಿದ್ದರು. ಪಕ್ಷ ನೋಡಿ ಮತ ಹಾಕಿದವನು ಯಾರ ನೀತಿಗೆ ಹಾಕಿದಂತಾಯಿತು ಎಂದು ನಮ್ಮ ಏಳನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ. ಪಾಠದ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

2024ರಲ್ಲಿ ಪಾತ್ರಗಳು ಅದಲುಬದಲಾದವು. ಈಗ ಆಳುವವರು ಕಾಂಗ್ರೆಸ್ಸಿನವರು. ನ್ಯಾಲ್ಕಲ್ ಮಂಡಲದ ಡಪ್ಪೂರು, ಮಲ್ಗಿ, ವಡ್ಡಿ ಹಳ್ಳಿಗಳಲ್ಲಿ ಸುಮಾರು 2,000 ಎಕರೆಯಲ್ಲಿ ಔಷಧ ಕಾರ್ಖಾನೆಗಳನ್ನು ತರುವ ಮಾತೆದ್ದಿತು. ರೈತರು ಬೀದಿಗೆ ಬಂದರು. ಕೊಡಂಗಲ್ ಮುಖ್ಯಮಂತ್ರಿಗಳ ಸ್ವಂತ ಕ್ಷೇತ್ರ. ಅಲ್ಲಿನ ಲಗಚೆರ್ಲದಲ್ಲಿ ನವೆಂಬರ್ 11ರಂದು ಭೂಮಿಯ ವಿಚಾರಣೆಗೆ ಹೋದ ಕಲೆಕ್ಟರರೂ ಇತರ ಅಧಿಕಾರಿಗಳೂ ಹಲ್ಲೆಗೊಳಗಾದರು. ಊರವರು ಜೈಲು ಕಂಡರು. ತಿಂಗಳು ಮುಗಿಯುವುದರೊಳಗೆ ಸರ್ಕಾರ ಔಷಧ ಕಾರ್ಖಾನೆಯ ಪ್ರಕಟಣೆಯನ್ನು ಹಿಂತೆಗೆದು, ಬೇರೆ ಹೆಸರಿನ ಕೈಗಾರಿಕಾ ಪಾರ್ಕಿನ ಮಾತು ತೆಗೆಯಿತು. 123ನೆಯ ಆದೇಶದ ವಿರುದ್ಧ ಅಂದು ಗುಡುಗಿದ್ದ ಕಾಂಗ್ರೆಸ್ ಇಂದು ಕೇಳುವ ಪಕ್ಷ. ಅಂದು ಕೇಳಿದ್ದ ಬಿ.ಆರ್.ಎಸ್. ಇಂದು ಗುಡುಗುವ ಪಕ್ಷ. ಅಧಿಕಾರಿಗಳ ಮೇಲೆ ಕೈಮಾಡಿದ್ದನ್ನು ನಾವು ಒಪ್ಪುವುದಿಲ್ಲ. ಆದರೆ ಆ ಮೊದಲಿನ ತಿಂಗಳುಗಳ ಅರ್ಜಿಗಳಿಗೆ ಸಿಗದ ಕಿವಿ ಅನಂತರ ಸಿಕ್ಕಿತೆಂಬುದನ್ನು ಮಕ್ಕಳೂ ಗಮನಿಸಿದ್ದಾರೆ. ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಕರ್ನಾಟಕದ ದೇವನಹಳ್ಳಿಯಲ್ಲಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಬಿ.ಜೆ.ಪಿ. ಸರ್ಕಾರ ಕೈ ಹಾಕಿತು, ಕಾಂಗ್ರೆಸ್ ಸರ್ಕಾರ ಮುಂದುವರಿಸಿತು. ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕುಳಿತರು, ಯಾವ ಪಕ್ಷದ ಬಾವುಟವನ್ನೂ ಹಿಡಿಯದೆ ಎರಡನ್ನೂ ಒಂದೇ ಪ್ರಶ್ನೆ ಕೇಳಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟೆವೆಂದು ಘೋಷಿಸಿದರು.

ನಿಮ್ಮ ಊರಿಗೆ ನೋಟೀಸು ಬಂದರೆ ಒಂದು ಮಾತು ನೆನಪಿಡಿ. ಪ್ರಾಥಮಿಕ ಪ್ರಕಟಣೆಯಾದ ದಿನದಿಂದ 60 ದಿನದೊಳಗೆ ತಕರಾರು ಬರೆದು ಕೊಡಬೇಕು. ನೋಟೀಸು ತೆಲುಗಿನಲ್ಲಿರುತ್ತದೆ, ಓದಲು ಬಾರದಿದ್ದರೆ ಶಾಲೆಗೆ ತನ್ನಿ, ಯಾವ ಮಾಸ್ತರನೂ ಇಲ್ಲವೆನ್ನಲಾರ. ಬರೆಯುವಾಗ ಬಾವಿ, ಗಿಡ, ಕೊಟ್ಟಿಗೆಗಳ ಜೊತೆಗೆ ಹೊಲದಲ್ಲಿ ದುಡಿಯುವವರ ಹೆಸರನ್ನೂ ಸೇರಿಸಿರಿ.

ಈ ಕೊನೆಯ ಮಾತನ್ನು ಹೇಳುವಾಗ ನಮಗೆ ಸ್ವಲ್ಪ ನಾಚಿಕೆ. ಅದೇಕೆಂದರೆ, ನಾವೂ ಹೊಲದೊಡೆಯರೇ. ಆರೆಕರೆಯಲ್ಲಿ ಎರಡೆಕರೆ ರಜೆಯ ದಿನಗಳಲ್ಲಿ ನಾವೇ ಮಾಡುತ್ತೇವೆ. ನಾಲ್ಕೆಕರೆ ನಮ್ಮ ತಂದೆಯವರ ಕಾಲದಿಂದ ಒಂದೇ ಮನೆಯವರಿಗೆ ಕೋರಿಗೆ ಕೊಟ್ಟಿದ್ದೇವೆ. ಬಾಯಿಮಾತಿನ ಕೋರು, ಕಾಗದವಿಲ್ಲ. ರೈತ ಬಂಧು ಹಣ ನಮ್ಮ ಖಾತೆಗೆ ಬಂತು. ಬಿತ್ತಿದವನು ಆತ, ಗೊಬ್ಬರದ ಸಾಲ ಮಾಡಿದವನು ಆತ, ಮಳೆ ಕೈಕೊಟ್ಟಾಗ ಆಕಾಶ ನೋಡಿದವನು ಆತ. ನಾವು ಆ ಹಣವನ್ನು ಮಕ್ಕಳ ಕಾಲೇಜಿಗೆ ಕಟ್ಟಿದೆವು. ಒಂದು ಹಂಗಾಮಿಗೆ ಎರಡು ಚೀಲ ಗೊಬ್ಬರ ಕೊಡಿಸಿದ್ದನ್ನು ದೊಡ್ಡದಾಗಿ ಹೇಳಿಕೊಂಡೆವು.

2023ರ ಚುನಾವಣೆಗೆ ಮೊದಲು ಅಭ್ಯರ್ಥಿಯೊಬ್ಬರು ನಮ್ಮೂರ ಹನುಮಂತ ದೇವರ ಗುಡಿಯ ಮುಂದೆ ಭಾಷಣ ಮಾಡಿದರು. ನಾವು ಕಿರಾಣಿ ಅಂಗಡಿಯ ಜಗಲಿಯ ಮೇಲೆ ನಿಂತು ಕೇಳುತ್ತಿದ್ದೆವು. ಆತ ಗುಂಪಿನಿಂದೆದ್ದು, “ಪಟ್ಟಾ ಇಲ್ಲದವರಿಗೇನು?” ಎಂದ. “ಎಲ್ಲರಿಗೂ ಕೊಡುತ್ತೇವೆ, ಹೊಲದವರಿಗೂ ಕೊಡುತ್ತೇವೆ, ಕೋರಿನವರಿಗೂ ಕೊಡುತ್ತೇವೆ” ಎಂದರು ಅವರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಒಂದೇ ಎಕರೆಗೆ ಇಬ್ಬರಿಗೂ ಹಣ ಹೇಗೆಂದು ಕೇಳಿದ್ದರೆ ಸಭೆಯಲ್ಲೇ ಎರಡು ಗುಂಪಾಗುತ್ತಿತ್ತು. ಅಭ್ಯರ್ಥಿಗೂ ಅದು ಬೇಡ, ನಮಗೂ ಬೇಡವಾಗಿತ್ತು.

ಕಾಂಗ್ರೆಸ್ಸಿನ ಭರವಸೆಯಲ್ಲಿ ಭೂಮಿಯುಳ್ಳವರಿಗೂ ಕೋರಿನವರಿಗೂ ವರ್ಷಕ್ಕೆ ಎಕರೆಗೆ 15,000 ರೂಪಾಯಿ ಎಂದಿತ್ತು. 2025ರ ಜನವರಿ 26ರಂದು ಆರಂಭವಾದದ್ದು ಎಕರೆಗೆ ವರ್ಷಕ್ಕೆ 12,000, ಪಟ್ಟಾದಾರರಿಗೆ. ಭೂಮಿಯೇ ಇಲ್ಲದ ಕೂಲಿ ಕುಟುಂಬಕ್ಕೆ ಬೇರೆ ಯೋಜನೆಯಲ್ಲಿ 12,000. ನಮ್ಮ ಕೋರಿನವನಿಗೆ ಹೆಂಡತಿಯ ಹೆಸರಿನಲ್ಲಿ 20 ಗುಂಟೆ ಗರಸು ಉಂಟು. ಹೀಗಾಗಿ ಆ ಮನೆ ಭೂಹೀನವೂ ಅಲ್ಲ, ನಾಲ್ಕೆಕರೆಯ ರೈತನೂ ಅಲ್ಲ. 2024ರ ಸಾಲಮನ್ನಾ ಆತನ ಸಾಲಕ್ಕೆ ತಾಗಲಿಲ್ಲ. ಬ್ಯಾಂಕಿನ ಸಾಲ ಪಾಸ್‌ಬುಕ್ಕಿನವರದು, ಆತನದು ಅಂಗಡಿಯ ಸಾಲ.

ಹಾಗಾದರೆ ಕಾಗದ ಬರೆದುಕೊಡಬಹುದಲ್ಲ ಎನ್ನುತ್ತೀರಿ. ಇಲ್ಲಿಯೇ ಆ ಎರಡು ಕಾನೂನುಗಳ ಕಥೆ ಬರುತ್ತದೆ. ಗಡಿಯಾಚೆ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿಯನ್ನು 1974ರಲ್ಲಿ ಜಾರಿಗೆ ತಂದಿತು. ಏಳನೆಯ ನಮೂನೆ ತುಂಬಿ ಕೊಟ್ಟ ಗೇಣಿದಾರನಿಗೆ ಹೊಲ ಸೇರಿತು. ಬೀದರ ಕಡೆಯ ನಮ್ಮ ತಾಯಿಯ ತವರಿನವರು ಹೀಗೆ ಎಂಟೆಕರೆ ಕಳೆದುಕೊಂಡರು. ಅದನ್ನು ಪಡೆದವರ ಮೊಮ್ಮಗಳು ಇಂದು ದಾದಿಯಾಗಿದ್ದಾಳೆ. ನ್ಯಾಯವೇ ಆಯಿತೆಂದು ನಮ್ಮ ಓದು ಹೇಳುತ್ತದೆ. ನಮ್ಮ ಮನೆಯಲ್ಲಿ ಮಾತ್ರ ‘ಏಳನೆಯ ನಮೂನೆ’ ಎಂಬುದು ಇಂದಿಗೂ ಶಾಪದ ಮಾತು. ಗಡಿಯೀಚೆ ಹೈದರಾಬಾದ್ ಕಾಲದ 1950ರ ಗೇಣಿ ಕಾಯ್ದೆಯೇ ಉಳಿಯಿತು. ಕೆಲವು ರಕ್ಷಿತ ಗೇಣಿದಾರರಿಗೆ 38-ಇ ಪತ್ರ ಸಿಕ್ಕಿತು. ಉಳಿದ ಕೋರುಗಳೆಲ್ಲ ಬಾಯಿಮಾತಿನೊಳಗೆ ಅಡಗಿದವು. 2011ರಲ್ಲಿ, ಅವಿಭಜಿತ ಆಂಧ್ರದಲ್ಲಿ, ಕೋರಿನವರಿಗೆ ಸಾಲದ ಅರ್ಹತಾ ಕಾರ್ಡು ಕೊಡುವ ಕಾಯ್ದೆಯಾಯಿತು. ಕಾರ್ಡಿನಿಂದ ಹೊಲದ ಮೇಲೆ ಹಕ್ಕು ಹುಟ್ಟುವುದಿಲ್ಲವೆಂದು ಅದರಲ್ಲೇ ಬರೆದಿತ್ತು. ಆದರೂ ನಮ್ಮಂಥವರು ಮುನಿಸಿಕೊಂಡೇವೆಂದು ಯಾವ ಪಕ್ಷವೂ ಆ ಕಾರ್ಡನ್ನು ಮನೆಮನೆಗೆ ಒಯ್ಯಲಿಲ್ಲ.

ಹೋದ ಯುಗಾದಿಯಂದು ಹೊಸ ವರ್ಷದ ಕೋರು ಗೊತ್ತುಮಾಡುವಾಗ ನಾವು ಒಂದು ಕಾಗದ ಬರೆದೆವು. ನಾಲ್ಕೆಕರೆಯ ಸಾಗುವಳಿ ಆತನದು, ಸರ್ಕಾರದ ಹಂಗಾಮಿನ ಹಣದಲ್ಲಿ ಅರ್ಧ ಆತನಿಗೆ, ಬೆಳೆ ಹೋದರೆ ಬರುವ ಪರಿಹಾರ ಪೂರ್ತಿ ಆತನಿಗೆ ಎಂದು. ಆತ ಓದಿಸಿಕೊಂಡು ಕೇಳಿ ಹೆಬ್ಬೆಟ್ಟು ಒತ್ತಿದ. ನಾವು ರುಜು ಮಾಡಿದೆವು. ಪಟ್ಟಾದಲ್ಲಿ ನಮ್ಮ ಅಣ್ಣನವರ ಹೆಸರೂ ಇದೆ. ಅವರು ಕಾಗದವನ್ನು ಎರಡು ಸಲ ಓದಿ, ಮಡಚಿ, ದೇವರ ಜಗಲಿಯ ಮೇಲೆ ಇಟ್ಟಿದ್ದಾರೆ. ಈ ಬರಹ ಮುದ್ರಣಕ್ಕೆ ಹೋಗುವ ಹೊತ್ತಿಗೂ ಅದು ಅಲ್ಲೇ ಇದೆ.