ಕರಪತ್ರದಲ್ಲಿ ಏನಿರಬೇಕು: ತೆಂಗಿನ ಸೀಮೆಯ ರಜಾ ಬೈಬಲ್ ಶಾಲೆ ಮತ್ತು ಅದರ ಪ್ರಚಾರ

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ ಬಿದ್ದು, ಮೇ ಕೊನೆಯವರೆಗೆ ಮಕ್ಕಳನ್ನು ಹೇಗೆ ಸಂಭಾಳಿಸುವುದು ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುವ ಕರ್ನಾಟಕದಲ್ಲಿ, ಬೇಸಿಗೆ ಶಿಬಿರ ಈಗ ದೊಡ್ಡ ನಗರಗಳ ಸೊತ್ತಾಗಿ ಉಳಿದಿಲ್ಲ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಂಥ ತೆಂಗಿನ ಸೀಮೆಯಲ್ಲೂ ನೃತ್ಯ, ಚಿತ್ರಕಲೆ, ಯೋಗ, ರಂಗಭೂಮಿ, ಸ್ಪೋಕನ್ ಇಂಗ್ಲಿಷ್ ಎಂದು ನಾನಾ ಹೆಸರಿನ ಶಿಬಿರಗಳ ಫ್ಲೆಕ್ಸುಗಳು ಬಸ್ ನಿಲ್ದಾಣದ ಸುತ್ತ ಕಾಣಿಸಿಕೊಳ್ಳುತ್ತವೆ. ಹಳ್ಳಿಗಳ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾದ ಮೇಲೆ ಅಲ್ಲಿಯೂ ಮಕ್ಕಳ ಶಿಬಿರಗಳು ನಡೆದಿವೆ. ಇವುಗಳ ನಡುವೆ ಕ್ರೈಸ್ತ ಸಭೆಗಳು ನಡೆಸುವ ಶಿಬಿರಕ್ಕೆ ಬೇರೆಯದೇ ಆದ ಚರಿತ್ರೆಯಿದೆ ಮತ್ತು ಬೇರೆಯದೇ ಆದ ಇಕ್ಕಟ್ಟೂ ಇದೆ. ಚಿತ್ರಕಲಾ ಶಿಬಿರಕ್ಕೆ ಮಕ್ಕಳನ್ನು ಕರೆಯುವವನು ಏನು ಕಲಿಸುತ್ತೇನೆಂದು ಹೇಳಿದರೆ ಸಾಕು. ಧರ್ಮಶಿಕ್ಷಣವಿರುವ ಶಿಬಿರಕ್ಕೆ ಕರೆಯುವವನು ಏನು ಕಲಿಸುತ್ತೇನೆ, ಯಾರಿಗೆ ಕಲಿಸುತ್ತೇನೆ, ಯಾತಕ್ಕೆ ಕಲಿಸುತ್ತೇನೆ ಎಂಬ ಮೂರನ್ನೂ ಹೇಳಬೇಕಾಗುತ್ತದೆ. ಈ ಮೂರರಲ್ಲಿ ಯಾವುದನ್ನು ಮುಚ್ಚಿಟ್ಟರೂ ಪ್ರಚಾರ ಅವನ ಮೇಲೆಯೇ ತಿರುಗಿ ಬೀಳುತ್ತದೆ.

ಸಭೆಯವರ ಮಾತಿನಲ್ಲಿ ಈ ಶಿಬಿರದ ಹೆಸರು ‘ವಿಬಿಎಸ್’, ಅಂದರೆ ವೆಕೇಷನ್ ಬೈಬಲ್ ಸ್ಕೂಲ್. ಕನ್ನಡದ ಬರಹದಲ್ಲಿ ಅದು ‘ರಜಾ ಬೈಬಲ್ ಶಾಲೆ’. ಭಾನುವಾರದ ಆರಾಧನೆಯ ಜೊತೆಗೆ ನಡೆಯುವ ಸಂಡೇ ಸ್ಕೂಲಿಗೆ ಇದು ರಜೆಯ ಕಾಲದ ವಿಸ್ತರಣೆಯಿದ್ದಂತೆ. ಬೆಳಗಿನ ಹೊತ್ತು ಚರ್ಚಿನ ಆವರಣದಲ್ಲಿ ಮಕ್ಕಳು ಸೇರಿ, ಅಭಿನಯದೊಂದಿಗೆ ಹಾಡುವ ಆಕ್ಷನ್ ಸಾಂಗ್, ಬೈಬಲಿನ ಕಥೆ, ಬಾಯಿಪಾಠದ ವಾಕ್ಯ, ಕರಕುಶಲ ಕೆಲಸ, ಆಟ ಮತ್ತು ತಿಂಡಿಯ ನಡುವೆ ಕೆಲವು ದಿನ ಕಳೆಯುತ್ತಾರೆ. ಹಿಂದೆ ಹತ್ತು ದಿನ ನಡೆಯುತ್ತಿದ್ದ ಈ ಶಾಲೆ ಈಗ ಹಲವೆಡೆ ಐದು ದಿನಕ್ಕೆ ಇಳಿದಿದೆ. ಕೊನೆಯ ದಿನ ಹೆತ್ತವರ ಮುಂದೆ ಕಾರ್ಯಕ್ರಮ, ಕೆಲವು ಊರುಗಳಲ್ಲಿ ಮಕ್ಕಳ ಮೆರವಣಿಗೆ. ಮನೆ ಬಿಟ್ಟು ಹೋಗಿ ತಂಗುವ ಕ್ಯಾಂಪ್ ಇದಕ್ಕಿಂತ ಭಿನ್ನವಾದದ್ದು; ಅದು ದೊಡ್ಡ ಮಕ್ಕಳಿಗೆ ಮತ್ತು ಯುವಜನರಿಗೆ ಮೀಸಲಾಗಿದ್ದು, ಸಾಮಾನ್ಯವಾಗಿ ಬೆಂಗಳೂರಿನಂಥ ಕಡೆ ಇರುವ ತಂಗುದಾಣಗಳಲ್ಲಿ ನಡೆಯುತ್ತದೆ.

ಈ ಪದ್ಧತಿಯ ಮೂಲವನ್ನು ಹುಡುಕಿದರೆ ಪ್ರಚಾರದ ಸಮಸ್ಯೆಯೇ ಮೊದಲು ಎದುರಾಗುತ್ತದೆ. 1898ರಲ್ಲಿ ನ್ಯೂಯಾರ್ಕಿನ ಈಸ್ಟ್ ಸೈಡ್ ಎಂಬ ಬಡವರ ಬಡಾವಣೆಯಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ ಬೇಸಿಗೆಯಲ್ಲಿ ಬೀದಿ ಪಾಲಾಗಿದ್ದ ಮಕ್ಕಳಿಗಾಗಿ ದಿನಂಪ್ರತಿ ಬೈಬಲ್ ಶಾಲೆ ತೆರೆದಾಗ, ಆಕೆ ಬಾಡಿಗೆಗೆ ಹಿಡಿದದ್ದು ಒಂದು ಬಿಯರ್ ಅಂಗಡಿಯ ಹಜಾರವನ್ನು. ಹೆತ್ತವರು ದುಡಿಯಲು ಹೋದ ಹೊತ್ತಿನಲ್ಲಿ ಮಕ್ಕಳಿಗೊಂದು ಸುರಕ್ಷಿತ ನೆರಳು ಸಿಗುತ್ತದೆ ಎಂಬುದೇ ಅಂಥ ಶಾಲೆಗೆ ದೊಡ್ಡ ಆಕರ್ಷಣೆಯಾಗಿತ್ತು. 1901ರಿಂದ ರಾಬರ್ಟ್ ಬೋವಿಲ್ ಎಂಬ ಪಾದ್ರಿ ಇದನ್ನು ಚಳವಳಿಯಾಗಿ ಬೆಳೆಸಿದರು. ಇದಕ್ಕೂ ಮುಂಚೆ, 1868ರಲ್ಲಿ, ವೇಲ್ಸ್‌ನ ಲ್ಯಾಂಡುಡ್ನೋ ಕಡಲ ತೀರದಲ್ಲಿ ಜೋಸಯ್ಯ ಸ್ಪಯರ್ಸ್ ಎಂಬುವರು ಮರಳಿನ ಮೇಲೆ ‘ದೇವರು ಪ್ರೀತಿ’ ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳನ್ನು ಬರೆದು, ಅವನ್ನು ಚಿಪ್ಪು ಕಲ್ಲುಗಳಿಂದ ಅಲಂಕರಿಸಲು ರಜೆಗೆ ಬಂದಿದ್ದ ಮಕ್ಕಳನ್ನು ಕರೆದರು. ಮುಂದೆ ಸ್ಕ್ರಿಪ್ಚರ್ ಯೂನಿಯನ್ ಎಂದು ಹೆಸರಾಗಿ ಭಾರತಕ್ಕೂ ಬಂದ ಸಂಸ್ಥೆಯ ಮಕ್ಕಳ ಕೆಲಸ ಹೀಗೆ ಬೆಳೆಯಿತು. ಕರೆಯುವ ಕೆಲಸವನ್ನು ಅಲ್ಲಿ ಮರಳಿನ ಅಕ್ಷರಗಳೇ ಮಾಡಿದವು. ಯಾರೂ ಏನನ್ನೂ ಅಡಗಿಸಿರಲಿಲ್ಲ, ಬಂದ ಮಗುವಿಗೆ ತಾನು ಏನನ್ನು ಅಲಂಕರಿಸುತ್ತಿದ್ದೇನೆಂಬುದು ಓದಿದರೆ ತಿಳಿಯುತ್ತಿತ್ತು.

ತಿಪಟೂರಿನ ಆಸುಪಾಸಿಗೆ ಪ್ರಾಟೆಸ್ಟೆಂಟ್ ಕ್ರೈಸ್ತರ ಈ ಬಗೆಯ ಕರೆ ಬಂದದ್ದು ಸಂತೆ ಪೇಟೆಗಳ ಮೂಲಕ. ವೆಸ್ಲಿಯನ್ ಮೆಥಡಿಸ್ಟ್ ಮಿಷನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿತು. ಥಾಮಸ್ ಹಾಡ್ಸನ್ ಮೊದಲಿಗೆ ಅಲ್ಲಿದ್ದರೆ, 1839ರಲ್ಲಿ ಬಂದ ವಿಲಿಯಂ ಆರ್ಥರ್ ಕನ್ನಡ ಕಲಿತು ಪೇಟೆಯಲ್ಲಿ ನಿಂತು ಮಾತಾಡಿದ ತಮ್ಮ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಡಿಕೆ, ಕೊಬ್ಬರಿಯ ವಹಿವಾಟಿಗೆ ಹೆಸರಾಗಿದ್ದ ಗುಬ್ಬಿಯಂಥ ಪೇಟೆಯನ್ನು ಮಿಷನ್ನಿನವರು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಜನ ತಾವಾಗಿಯೇ ಸೇರುವ ಜಾಗ ಅದು. ಮುಂದೆ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ, ರೂಪುಗೊಂಡಾಗ ಈ ವೆಸ್ಲಿಯನ್ ಮೆಥಡಿಸ್ಟ್ ಸಭೆಗಳು ಅದರೊಳಗೆ ಸೇರಿದವು. 1970ರಲ್ಲಿ ಮೈಸೂರು ಧರ್ಮಪ್ರಾಂತ ಮೂರಾಗಿ ಒಡೆದು, ತುಮಕೂರಿನ ಕಡೆಯ ಸಭೆಗಳು ಬೆಂಗಳೂರು ಕೇಂದ್ರವಾಗಿರುವ ಕರ್ನಾಟಕ ಕೇಂದ್ರ ಧರ್ಮಪ್ರಾಂತಕ್ಕೆ ಸೇರಿದವು. ಇಷ್ಟು ಹಳೆಯ ನೆಲೆಯಿದ್ದರೂ ಈ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಸಣ್ಣದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಪ್ರಚಾರದ ಲೆಕ್ಕಾಚಾರ ಅರ್ಥವಾಗುತ್ತದೆ. ಸಭೆಯ ಮಕ್ಕಳಿಗೆ ಮಾತ್ರವಾದರೆ ಭಾನುವಾರದ ಆರಾಧನೆಯಲ್ಲಿ ಓದುವ ಪ್ರಕಟಣೆಯೇ ಧಾರಾಳವಾಗಿ ಸಾಕು. ಕರಪತ್ರ, ಫ್ಲೆಕ್ಸ್, ಆಟೋದಲ್ಲಿ ಮೈಕು ಎಂದು ಯೋಚಿಸತೊಡಗುವುದು ನೆರೆಹೊರೆಯ ಮಕ್ಕಳನ್ನೂ ಕರೆಯಬೇಕೆಂದಾಗ, ಮತ್ತು ಎಲ್ಲ ಕಷ್ಟವೂ ಆರಂಭವಾಗುವುದು ಅಲ್ಲಿಂದಲೇ.

ತೆರೆಮರೆಯ ಕೆಲಸದಲ್ಲಿ ಮೊದಲನೆಯದು ತಾರೀಖು ಗೊತ್ತುಮಾಡುವುದು, ಅದು ಹೊರಗಿನಿಂದ ತೋರುವಷ್ಟು ಸುಲಭವಲ್ಲ. ಈಸ್ಟರ್ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಬರಬಹುದು. 2024ರಲ್ಲಿ ಅದು ಮಾರ್ಚ್ 31ಕ್ಕೆ ಬಂದುದರಿಂದ ರಜೆ ಪೂರ್ತಿ ಶಿಬಿರಕ್ಕೆ ತೆರೆದಿತ್ತು. 2025ರಲ್ಲಿ ಏಪ್ರಿಲ್ 20ಕ್ಕೆ ಬಂದುದರಿಂದ ರಜೆಯ ಮೊದಲ ದಿನಗಳೆಲ್ಲ ಗರಿಗಳ ಭಾನುವಾರ, ಶುಭ ಶುಕ್ರವಾರಗಳ ಆರಾಧನೆಗೆ ಹೋದವು. ಈಸ್ಟರ್ ಮುಗಿಯಿತೆನ್ನುವಷ್ಟರಲ್ಲಿ ಮಕ್ಕಳು ಅಜ್ಜಿಯ ಮನೆಗೆ ಹೊರಟಿರುತ್ತಾರೆ, ಊರೂರ ಜಾತ್ರೆ ಮತ್ತು ಮದುವೆಗಳು ಸಾಲುಗಟ್ಟಿರುತ್ತವೆ. ಪಾಠ ಹೇಳಬೇಕಾದ ಕಾಲೇಜು ಹುಡುಗ ಹುಡುಗಿಯರಿಗೆ ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ಭಾಗದಲ್ಲಿ ನೀಟ್. ಈ ಶಿಬಿರದ ನಿಜವಾದ ಸ್ಪರ್ಧಿ ಇನ್ನೊಂದು ಶಿಬಿರವಲ್ಲ, ಅಜ್ಜಿಯ ಮನೆಯೇ. ಅದರ ಮುಂದೆ ಯಾವ ಫ್ಲೆಕ್ಸೂ ಗೆದ್ದ ಉದಾಹರಣೆ ಇರಲಾರದು, ಆದ್ದರಿಂದ ಅನುಭವವಿರುವ ಸಭೆಗಳು ಅಜ್ಜಿಯ ಮನೆಗೆ ಬಂದ ಮಕ್ಕಳನ್ನೂ ಸೇರಿಸಿಕೊಂಡು ಲೆಕ್ಕ ಹಾಕುತ್ತವೆ.

ಎರಡನೆಯದು ಹಣ. ಈ ಮೂರು ತಾಲ್ಲೂಕುಗಳ ಜೇಬಿನ ಸ್ಥಿತಿಯನ್ನು ತಿಪಟೂರಿನ ಎಪಿಎಂಸಿ ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳದು. ಇಲ್ಲಿಯ ಬೆಳೆ ಎಣ್ಣೆಗೆ ಹೋಗುವ ಹೋಳು ಕೊಬ್ಬರಿಯಲ್ಲ, ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆ ಸಹಿತ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಲು ಬಿಟ್ಟು, ಒಳಗಿನ ನೀರು ಇಂಗಿ ಗಿಟುಕು ಕರಟದಿಂದ ಬಿಟ್ಟು ಅಲ್ಲಾಡತೊಡಗಿದ ಮೇಲೆ ಸುಲಿದು ಮಾರುವಂಥದ್ದು. ಹೀಗಾಗಿ ಬೆಳೆ ಕೈಗೆ ಬಂದ ವರ್ಷ ಬೇರೆ, ಹಣ ಕೈಗೆ ಬರುವ ವರ್ಷ ಬೇರೆಯಾಗಬಹುದು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದಿತ್ತು. 2025ರಲ್ಲಿ ಅದೇ ಮಾರುಕಟ್ಟೆ 25 ಸಾವಿರವನ್ನೂ ದಾಟಿತು. ತೋಟವುಳ್ಳವರಿಗೂ ತೋಟದಲ್ಲಿ ಕೂಲಿ ಮಾಡುವವರಿಗೂ ಈ ಏರಿಳಿತ ಒಂದೇ ರೀತಿ ತಟ್ಟುವುದಿಲ್ಲವೆಂಬುದು ಬೇರೆ ಮಾತು. ದೂರದ ದೇಶಗಳ ಕ್ಯಾಂಪ್‌ಗಳು ಮುಂಚಿತವಾಗಿ ಹೆಸರು ಕೊಟ್ಟವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟು ಚಳಿಗಾಲದಲ್ಲೇ ಸ್ಥಾನ ತುಂಬಿಕೊಳ್ಳುತ್ತವೆ, ಆದರೆ ಕೊಬ್ಬರಿ ಮಾರದೆ ಕೈಯಲ್ಲಿ ಕಾಸಾಡದ ಸೀಮೆಯಲ್ಲಿ ಆ ತಂತ್ರಕ್ಕೆ ಅರ್ಥವಿಲ್ಲ. ಇಲ್ಲಿ ವಿಬಿಎಸ್‌ಗೆ ಶುಲ್ಕವಿದ್ದರೆ ಅದು ಹೆಸರಿಗಷ್ಟೆ. ಖರ್ಚಿನ ಭಾರ ಸಭೆಯ ಕಾಣಿಕೆಯ ಮೇಲೆ, ಒಂದೊಂದು ದಿನದ ತಿಂಡಿಯನ್ನು ಹೊತ್ತುಕೊಳ್ಳುವ ಕುಟುಂಬಗಳ ಮೇಲೆ ಬೀಳುತ್ತದೆ.

ಪುಕ್ಕಟೆ ಎಂಬುದೇ ಅತಿ ದೊಡ್ಡ ಪ್ರಚಾರವಾಗಬಹುದಿತ್ತು, ಅದೇ ಈಗ ಅತಿ ಸೂಕ್ಷ್ಮವಾದ ಜಾಗವಾಗಿದೆ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯದ ಹಕ್ಕು ಸಂರಕ್ಷಣಾ ಅಧಿನಿಯಮ ಬಲವಂತ, ವಂಚನೆ, ಆಮಿಷಗಳಿಂದ ನಡೆಯುವ ಮತಾಂತರವನ್ನು ನಿಷೇಧಿಸುತ್ತದೆ. ಅದರಲ್ಲಿ ‘ಆಮಿಷ’ದ ವ್ಯಾಖ್ಯೆ ಉಡುಗೊರೆಯನ್ನೂ ಉಚಿತ ಶಿಕ್ಷಣವನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದೆ, ಮತ್ತು ಅಪ್ರಾಪ್ತರ ವಿಷಯದಲ್ಲಿ ಶಿಕ್ಷೆ 10 ವರ್ಷದವರೆಗೆ ಹೋಗಬಹುದು. ಇದನ್ನು ರದ್ದುಪಡಿಸುವ ತೀರ್ಮಾನವನ್ನು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ಕೈಗೊಂಡದ್ದುಂಟು. ಕಥೆ ಹೇಳುವುದು ಮತಾಂತರವಲ್ಲ, ಬಾಯಿಪಾಠ ಒಪ್ಪಿಸಿದ ಮಗುವಿಗೆ ಪೆನ್ಸಿಲ್ ಡಬ್ಬಿ ಕೊಡುವುದು ತಾನಾಗಿಯೇ ಅಪರಾಧವೂ ಅಲ್ಲ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆದರೆ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಹೇಳಿದೆ. ಹೀಗಿರುವಾಗ ‘ಬಂದವರಿಗೆಲ್ಲ ಬ್ಯಾಗ್ ಉಚಿತ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವುದು ಕಾನೂನಿನ ಕಣ್ಣಿಗಿಂತ ಮೊದಲು ನೆರೆಯವರ ಕಣ್ಣಿಗೆ ಚುಚ್ಚುತ್ತದೆ.

ಇಂಥ ಕರಪತ್ರವೊಂದನ್ನು ಹತ್ತಿರದಿಂದ ನೋಡಿದರೆ ವಿಷಯ ಇನ್ನಷ್ಟು ನಿಚ್ಚಳವಾಗುತ್ತದೆ. ಮೇಲ್ಗಡೆ ಬಣ್ಣದ ಬಲೂನು, ನಗುವ ಮಕ್ಕಳ ಚಿತ್ರ, ಆ ವರ್ಷದ ಥೀಮ್, ಅಂದರೆ ಪಠ್ಯ, ಹಾಡು, ಟೀ ಶರ್ಟುಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸುವ ಮುಖ್ಯ ವಿಚಾರ. ಅದರ ಕೆಳಗೆ ಡ್ಯಾನ್ಸ್, ಕ್ರಾಫ್ಟ್, ಗೇಮ್ಸ್, ಸ್ಪೋಕನ್ ಇಂಗ್ಲಿಷ್ ಎಂಬ ಸಾಲು. ತಾರೀಖು, ಸಮಯ, ವಯಸ್ಸು. ತೀರ ಕೆಳಗೆ ಸ್ಥಳದ ಹೆಸರು. ಕೆಲವು ಕರಪತ್ರಗಳಲ್ಲಿ ಬೈಬಲ್ ಎಂಬ ಪದ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಹಾಗೆ ಮಾಡುವವರ ವಾದ ಇಷ್ಟೇ: ಹೆಸರು ಕಂಡರೆ ಜನ ಬರುವುದಿಲ್ಲ. ಈ ವಾದ ಒಪ್ಪತಕ್ಕದ್ದಲ್ಲ. ಸ್ಪೋಕನ್ ಇಂಗ್ಲಿಷ್ ಎಂದು ನಂಬಿ ಕಳಿಸಿದ ತಾಯಿಗೆ ಮಗಳು ಸಂಜೆ ಹಾಡಿದ ಹಾಡಿನಿಂದ ಶಿಬಿರದ ಸ್ವರೂಪ ತಿಳಿಯುವಂತಾದರೆ, ಹಾಡಿನಲ್ಲಿ ತಪ್ಪಿಲ್ಲದಿದ್ದರೂ ಕರೆದ ರೀತಿಯಲ್ಲಿ ತಪ್ಪಿರುತ್ತದೆ, ಆ ಬೀದಿಯಲ್ಲಿ ಮರುವರ್ಷ ಯಾವ ಕರಪತ್ರವೂ ಕೆಲಸ ಮಾಡುವುದಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಅಪ್ರಾಪ್ತ ಮಗು ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಚರ್ಚಿನ ಶಿಬಿರಕ್ಕೆ ಆ ವಿಧಿ ನೇರವಾಗಿ ಅನ್ವಯಿಸದಿದ್ದರೂ ಅದರ ಹಿಂದಿನ ನ್ಯಾಯ ಎಲ್ಲರಿಗೂ ಒಪ್ಪುವಂಥದ್ದು. ಬೈಬಲ್ ಕಥೆ, ಹಾಡು, ಪ್ರಾರ್ಥನೆ ಇರುತ್ತವೆ ಎಂದು ನೇರವಾಗಿ ಬರೆದು, ಹೆತ್ತವರ ಸಹಿ ಪಡೆದು, ಬಯಸಿದವರು ಬಂದು ಕೂತು ನೋಡಬಹುದೆಂದು ತಿಳಿಸುವ ಸಮ್ಮತಿ ಪತ್ರ ಸಭೆಗೂ ರಕ್ಷಣೆ, ಮನೆಯವರಿಗೂ ಸಮಾಧಾನ.

ಮೊಬೈಲ್ ಬಂದ ಮೇಲೆ ಪ್ರಚಾರದ ಸಾಧನಗಳು ಬದಲಾದವು, ಸಮಸ್ಯೆ ಬದಲಾಗಲಿಲ್ಲ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳ ಒಡೆತನ ಹೊಂದಿರುವ ಮೆಟಾ ಸಂಸ್ಥೆ 2022ರ ಜನವರಿಯಿಂದ ಧಾರ್ಮಿಕ ಆಚರಣೆ, ಗುಂಪುಗಳ ಆಧಾರದ ಮೇಲೆ ಜಾಹೀರಾತಿನ ಗುರಿ ನಿಗದಿಪಡಿಸುವ ಆಯ್ಕೆಗಳನ್ನು ತೆಗೆದುಹಾಕಿತು. ಅಂದರೆ ಕ್ರೈಸ್ತ ವಿಷಯಗಳಲ್ಲಿ ಆಸಕ್ತಿ ಇರುವವರಿಗಷ್ಟೇ ಜಾಹೀರಾತು ತೋರಿಸು ಎಂದು ಕೇಳುವ ದಾರಿ ಮುಚ್ಚಿ, ಊರು ವಯಸ್ಸುಗಳ ಮೇಲೆ ಹಣ ಕಟ್ಟಿದರೆ ಅದು ಕೆರಳಬಹುದಾದವರ ಪರದೆಯ ಮೇಲೂ ಬೀಳುತ್ತದೆ. ಚಿಕ್ಕ ಊರಿನಲ್ಲಿ ಆ ಖರ್ಚೇ ದಂಡ. ಅಲ್ಲಿ ನಡೆಯುವುದು ವಾಟ್ಸ್‌ಆಪ್ ಸ್ಟೇಟಸ್ ಮತ್ತು ತಾಯಂದಿರ ಬಾಯಿ ಮಾತು. ಆ ಸ್ಟೇಟಸ್ಸಿನಲ್ಲಿ ಕುಣಿಯುವ ಮಕ್ಕಳ ಫೋಟೋ, ವಿಡಿಯೊಗಳ ವಿಷಯದಲ್ಲಿ ಮಾತ್ರ ಬಹುತೇಕ ಶಿಬಿರಗಳು, ಕ್ರೈಸ್ತವಾಗಲಿ ಅಲ್ಲದಿರಲಿ, ಅಜಾಗರೂಕವಾಗಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆಯ ಮಾತು ಹಾಗಿರಲಿ, ನೆರೆಮನೆಯ ಬೇರೆ ಧರ್ಮದ ಮಗು ಚರ್ಚಿನ ಆವರಣದಲ್ಲಿ ಕೈಮುಗಿದ ಚಿತ್ರ ಊರಿನ ಗುಂಪುಗಳಲ್ಲಿ ಸುತ್ತಿದರೆ ಆ ಮನೆಯವರು ಯಾರಿಗೆಲ್ಲ ಉತ್ತರ ಹೇಳಬೇಕಾಗುತ್ತದೆ ಎಂಬುದನ್ನು ಫೋಟೋ ಹಾಕುವವರು ಯೋಚಿಸುವುದಿಲ್ಲ. ಕೈಕೆಲಸದ ಚಿತ್ರ ಹಾಕಿದರೆ ಯಾರಿಗೂ ತೊಂದರೆಯಿಲ್ಲ: ಕತ್ತರಿಸಿದ ಬಣ್ಣದ ಕಾಗದ, ತೆಂಗಿನ ಗರಿಯಲ್ಲಿ ಹೆಣೆದ ಹಾವು, ಗಿರಗಟ್ಟಲೆ, ಕೈಗಡಿಯಾರ. ಗರಿಗಂತೂ ಈ ಸೀಮೆಯಲ್ಲಿ ಕಾಸು ಕೊಡಬೇಕಿಲ್ಲ, ದೂರದಿಂದ ತರಿಸಿದ ಕ್ರಾಫ್ಟ್ ಪೊಟ್ಟಣಕ್ಕಿಂತ ಅದರಲ್ಲಿ ಮಕ್ಕಳ ಕೈ ಚೆನ್ನಾಗಿ ಓಡುತ್ತದೆ.

ಕರಪತ್ರ ಹಂಚಿ ಮುಗಿದ ಮೇಲೆ ಅದರ ಫಲವನ್ನು ಅಳೆಯುವ ಸಾಧನ ಹಾಜರಿ ಪುಸ್ತಕವೊಂದೇ. ಮೊದಲ ದಿನದ ಸಂಖ್ಯೆ ಕುತೂಹಲವನ್ನು ತೋರಿಸುತ್ತದೆ, ಕೊನೆಯ ದಿನದ ಸಂಖ್ಯೆಯಲ್ಲಿ ಬಹುಮಾನದ ಆಸೆಯೂ ಸೇರಿರುತ್ತದೆ. ನಂಬಬಹುದಾದದ್ದು ನಡುವಿನ ದಿನಗಳದು. ಮೂರನೆಯ ದಿನ ಯಾವ ಬೀದಿಯ ಮಕ್ಕಳು ಒಟ್ಟಾಗಿ ಬರುವುದನ್ನು ನಿಲ್ಲಿಸಿದರು ಎಂದು ನೋಡಿ, ಆ ಮನೆಗಳಿಗೆ ಹೋಗಿ ಕಾರಣ ಕೇಳುವ ಸಭಾಪಾಲಕರಿಗೆ ಜಾತ್ರೆಯೋ, ಮದುವೆಯೋ, ಮಧ್ಯಾಹ್ನದ ಬಿಸಿಲೋ, ಯಾರೋ ಆಡಿದ ಮಾತೋ ಎಂಬುದು ಗೊತ್ತಾಗುತ್ತದೆ. ಮುಂದಿನ ವರ್ಷದ ಕರಪತ್ರದಲ್ಲಿ ತಾರೀಖು, ಸಮಯ ಮತ್ತು ಕರೆಯ ಒಕ್ಕಣೆ ಏನಿರಬೇಕೆಂಬುದು ತೀರ್ಮಾನವಾಗುವುದು ಆ ಮನೆಗಳ ಜಗಲಿಯ ಮೇಲೆ.