ಮಣ್ಣಿನ ಪ್ರಾಣಿಬೊಂಬೆಗಳ ಹೊಳಪು: ಒಪ್ಪ ಮತ್ತು ಕಾಚಲೇಪ

ಮಣ್ಣಿನಿಂದ ಮಾಡಿ ಸುಟ್ಟ ಎತ್ತು, ಕುದುರೆ, ನಾಯಿ ಮೊದಲಾದ ಬೊಂಬೆಗಳ ಮೈಮೇಲೆ ಕಾಣುವ ಹೊಳಪನ್ನು ‘ಮೆರುಗು’ ಎಂಬ ಒಂದೇ ಶಬ್ದದಿಂದ ವ್ಯವಹರಿಸುವುದುಂಟು. ಆದರೆ ಈ ಹೊಳಪು ಎರಡು ಬಗೆಯದು. ಎರಡಕ್ಕೂ ದ್ರವ್ಯ ಬೇರೆ, ಕ್ರಮವೂ ಬೇರೆ. ಒಂದನ್ನು ಮತ್ತೊಂದೆಂದು ಬರೆದಲ್ಲಿ ಹಳೆಯ ಬೊಂಬೆಗಳ ಕಾಲನಿರ್ಣಯವೇ ತಪ್ಪುವ ಸಂಭವವಿರುವುದರಿಂದ ಈ ಭೇದವನ್ನು ವಿಶದಪಡಿಸುವುದು ಅವಶ್ಯಕ.

ಮೊದಲನೆಯದು ಒಪ್ಪ. ರತ್ನಕ್ಕೆ ಒಪ್ಪವಿಡುವುದೆಂಬ ಪ್ರಯೋಗವು ಪಂಡಿತರಿಗೆ ಪರಿಚಿತವಾದುದೇ. ಬೊಂಬೆಯು ಪೂರ್ತಿಯಾಗಿ ಒಣಗುವ ಮುನ್ನ, ಬೆರಳೊತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದಾಗ, ನುಣುಪಾದ ಹೊಳೆಗಲ್ಲಿನಿಂದ ಅದರ ಮೈಯನ್ನು ಉಜ್ಜುವರು. ಜೇಡಿಮಣ್ಣಿನ ಕಣಗಳು ಅತಿಸೂಕ್ಷ್ಮವಾದ ತೆಳು ಬಿಲ್ಲೆಗಳಂತಿರುವುವು. ಉಜ್ಜಿದಾಗ ಅವು ಒಂದೇ ಮುಖವಾಗಿ ಮಲಗಿ ಬೆಳಕನ್ನು ಪ್ರತಿಫಲಿಸುವುವು. ಅದಕ್ಕೆ ಮೊದಲು ಸೋಸಿದ ಕೆಮ್ಮಣ್ಣಿನ ನೀರನ್ನು ಬಳಿದಲ್ಲಿ ಬಣ್ಣವೂ ಕೂಡುವುದು. ಇಲ್ಲಿ ಗಾಜಿನ ಹೊದಿಕೆ ಎಂಬುದಿಲ್ಲ. ಬಯಲಿನ ಆವಿಗೆಯ ಮಿತವಾದ ಕಾವಿನಲ್ಲಿ ಈ ಒಪ್ಪವು ನಿಲ್ಲುವುದು. ಕಾವು ಸುಮಾರು 1000 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರಿದರೆ ಕಣಗಳು ಕುಗ್ಗುವುದರಿಂದ ಮಂಕಾಗುವುದು.

ಎರಡನೆಯದನ್ನು ಕಾಚಲೇಪವೆನ್ನಬಹುದು. ಬೆಣಚುಕಲ್ಲಿನ ಪುಡಿಯೇ ಇದರ ಮುಖ್ಯದ್ರವ್ಯ. ಅದು ತಾನೊಂದೇ ಕರಗಲು ಸುಮಾರು 1700 ಡಿಗ್ರಿ ಕಾವು ಬೇಕು. ಆದುದರಿಂದ ಕರಗುವಿಕೆಗೆ ಸಹಾಯವಾಗುವ ಸುಣ್ಣ, ಕ್ಷಾರ ಅಥವಾ ಸೀಸದ ಭಸ್ಮವನ್ನೂ, ಕರಗಿದುದು ಹರಿದುಹೋಗದಂತೆ ಜೇಡಿಮಣ್ಣನ್ನೂ ಸೇರಿಸುವರು. ಸಾಮಾನ್ಯವಾಗಿ ಬೊಂಬೆಯನ್ನು ಒಮ್ಮೆ ಸುಟ್ಟು, ಲೇಪಿಸಿ, ಮತ್ತೊಮ್ಮೆ ಸುಡುವರು. ಗೂಡಿನ ಹಲಗೆಗೆ ಅಂಟದಂತೆ ಪಾದತಲಗಳನ್ನು ಲೇಪವಿಲ್ಲದೆ ಬಿಡುವರು. ಆರುವಾಗ ಲೇಪವು ಮಣ್ಣಿಗಿಂತ ಹೆಚ್ಚಾಗಿ ಕುಗ್ಗಿದರೆ ಬಲೆಯಂತೆ ಬಿರುಕು ಬೀಳುವುದು.

ಈ ಎರಡನ್ನೂ ಗುರುತಿಸಲು ಪ್ರಾಣಿಯ ಆಕೃತಿಯೇ ನೆರವಾಗುವುದು. ಉಜ್ಜುವ ಕಲ್ಲು ಬೆನ್ನಿಗೂ ಹಿಣಿಲಿಗೂ ತಾಗುವುದೇ ಹೊರತು ಕಿವಿಯ ಬುಡಕ್ಕೂ ಗಂಗೆದೊಗಲಿನ ಮಡಿಕೆಗೂ ತಾಗದು. ಆದುದರಿಂದ ಒಪ್ಪವಿಟ್ಟ ಎತ್ತಿನ ಉಬ್ಬುಗಳು ಹೊಳೆದು ತಗ್ಗುಗಳು ಮಂಕಾಗಿರುವುವು, ಉಜ್ಜಿದ ಗೆರೆಗಳೂ ಕಾಣುವುವು. ಕಾಚಲೇಪವು ಇದಕ್ಕೆ ವಿಪರೀತವಾದುದು. ಅದು ಕರಗಿ ತಗ್ಗಿನಲ್ಲಿ ದಪ್ಪವಾಗಿ ನಿಂತು, ಕೋಡಿನ ತುದಿಯಲ್ಲಿ ತೆಳುವಾಗುವುದು. ಮುರಿದ ಅಂಚಿನಲ್ಲಿ ಗಾಜಿನ ಪದರವು ಬೇರೆಯಾಗಿಯೇ ತೋರುವುದು.

ಕರ್ಣಾಟಕದ ಪ್ರಾಚೀನ ಪರಂಪರೆಯು ಬಹುಮಟ್ಟಿಗೆ ಒಪ್ಪದ್ದೇ. 1947ರಲ್ಲಿ ವೀಲರ್ ಅವರು ಉತ್ಖನನ ನಡೆಸಿದ ಬ್ರಹ್ಮಗಿರಿಯ ಬೃಹತ್‌ಶಿಲಾಕಾಲದ ಕಪ್ಪು-ಕೆಂಪು ಪಾತ್ರೆಗಳ ಹೊಳಪು ಉಜ್ಜಿ ಬರಿಸಿದುದು. ರಾಯಚೂರು ಸೀಮೆಯ ಪಿಕ್ಲಿಹಾಳದಲ್ಲಿ ನವಶಿಲಾಯುಗದ ಮಣ್ಣಿನ ಎತ್ತುಗಳು ದೊರೆತಿವೆ. ಇಂತಹವುಗಳ ವರ್ಣನೆಯಲ್ಲಿ ಕಾಚಲೇಪವೆಂಬ ಅರ್ಥ ಬರುವಂತೆ ‘ಮೆರುಗು’ ಎಂದರೆ ಆ ಕಾಲದವರಿಗಿಲ್ಲದ ವಿದ್ಯೆಯನ್ನು ಆರೋಪಿಸಿದಂತಾಗುವುದು.

ಹೊಳಪಿಲ್ಲದಿರುವುದೂ ಕೊರತೆಯಲ್ಲ. ಉತ್ತರ ಕರ್ಣಾಟಕದಲ್ಲಿ ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಯಂದು ಪೂಜೆಗೊಳ್ಳುವ ಎತ್ತುಗಳು ಹಸಿಮಣ್ಣಿನವು. ಕೊಡಗಿನ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಸಲ್ಲುವ ಹರಕೆಯ ನಾಯಿಗಳೂ ಮಣ್ಣಿನವೇ. ಇವು ಬಹುಕಾಲ ಉಳಿಯಲೆಂದು ಮಾಡಿದವಲ್ಲ, ಒಪ್ಪಿಸಲೆಂದು ಮಾಡಿದವು.

ಆದುದರಿಂದ ಉಜ್ಜಿದುದಕ್ಕೆ ‘ಒಪ್ಪ’ವೆಂದೂ, ಬಣ್ಣದ ಮಣ್ಣು ಬಳಿದುದಕ್ಕೆ ‘ಮಣ್ಣುಲೇಪ’ವೆಂದೂ, ಗಾಜು ಕರಗಿಸಿದುದಕ್ಕೆ ‘ಕಾಚಲೇಪ’ವೆಂದೂ ನಿಯತವಾಗಿ ಬಳಸುವುದು ಯುಕ್ತ. ಮೊದಲನೆಯ ಶಬ್ದವು ಕನ್ನಡದಲ್ಲಿ ಸಿದ್ಧವಾಗಿಯೇ ಇರುವಾಗ ಅದನ್ನು ಕೈಬಿಡಲು ಕಾರಣವಿಲ್ಲ.