ಯಂತ್ರ ಹಳತಾದರೂ ಅಕ್ಷರ ಉಳಿಯಲಿ

ಶರಾವತಿಗೆ ಸೇತುವೆಯಿಲ್ಲದಿದ್ದ ಕಾಲದಲ್ಲಿ ಕುಮಟೆಯಿಂದ ಭಟ್ಕಳಕ್ಕೆ ಹೊರಟ ಸರಕು ಹೊನ್ನಾವರದ ದಡದಲ್ಲಿ ಇಳಿದು, ದೋಣಿಯೇರಿ, ಆಚೆಯ ದಡದಲ್ಲಿ ಬೇರೆ ಗಾಡಿಯನ್ನು ಹತ್ತಬೇಕಾಗಿತ್ತು. ದೋಣಿಗೆ ಕೊನೆಯಲ್ಲಿ ಏರಿದ ಗಂಟು ಮೊದಲು ಇಳಿಯುವುದು ಸಹಜವಷ್ಟೆ. ಗಂಟುಗಳ ಮೇಲೆ ಅಂಕೆ ಬರೆದಿಟ್ಟವನಿಗೆ ಇದರಿಂದ ತೊಂದರೆಯಿಲ್ಲ; ಬರೆಯದವನ ಲೆಕ್ಕ ತಲೆಕೆಳಗಾಗುವುದು. ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಕನ್ನಡ ಬರಹವನ್ನು ಸಾಗಿಸುವಾಗಲೂ ಎದುರಾಗುವ ಸಮಸ್ಯೆ ಇದೇ.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು. ಅಂಕೆ ಮಾತ್ರ ತಿಳಿಯುವುದು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ ನಮ್ಮ 'ಕ' ಅಕ್ಷರದ ಅಂಕೆ 3221. ಆದರೆ ಯಂತ್ರದ ನೆನಪಿನ ಒಂದು ಕೋಣೆಯಲ್ಲಿ, ಎಂದರೆ ಒಂದು ಬೈಟಿನಲ್ಲಿ, 0ಯಿಂದ 255ರವರೆಗಿನ ಸಂಖ್ಯೆಗೆ ಮಾತ್ರ ಸ್ಥಳವಿದೆ. ಆದುದರಿಂದ 3221ನ್ನು 12 ಮತ್ತು 149 ಎಂದು ಒಡೆದು ಎರಡು ಕೋಣೆಗಳಲ್ಲಿಡುತ್ತಾರೆ. 12ನ್ನು 256ರಿಂದ ಗುಣಿಸಿ 149ನ್ನು ಕೂಡಿಸಿದರೆ ಪುನಃ 3221 ದೊರೆಯುತ್ತದೆ.

ಮೊದಲ ಕೋಣೆಯಲ್ಲಿ ಯಾವುದನ್ನಿಡಬೇಕು? ಇಲ್ಲಿಯೇ ಜಗಳ. 1978ರ ಇಂಟೆಲ್ 8086 ಚಿಪ್ಪು ಕಿರಿಯ ಭಾಗವನ್ನು ಮೊದಲಿಡುತ್ತದೆ. 1984ರ ಆಪಲ್ ಮೆಕಿಂಟಾಷ್ ಯಂತ್ರದಲ್ಲಿದ್ದ ಮೋಟರೋಲಾ 68000 ಚಿಪ್ಪು ಹಿರಿಯ ಭಾಗವನ್ನು ಮೊದಲಿಡುತ್ತದೆ. ಒಂದರ ಕ್ರಮದಲ್ಲಿ ಬರೆದುದನ್ನು ಇನ್ನೊಂದರ ಕ್ರಮದಲ್ಲಿ ಓದಿದರೆ 3221 ಹೋಗಿ 38156 ಆಗುತ್ತದೆ. ಅದು ಚೀನೀ ಲಿಪಿಯ ಒಂದು ಅಕ್ಷರ! ಸ್ವಿಫ್ಟ್ ಕವಿಯ ಗಲಿವರನ ಕಥೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕುಬ್ಜರು ಕಾದಾಡುತ್ತಾರೆ. ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ 1980ರಲ್ಲಿ ಈ ಎರಡು ಕ್ರಮಗಳಿಗೆ ಆ ಪಂಗಡಗಳ ಹೆಸರನ್ನೇ ಇಟ್ಟನು.

ಪರಿಹಾರವೇನು? ಜಾಣನಾದ ಕ್ರಮವಿಧಿಕಾರನು ಎರಡು ಕೋಣೆಗಳನ್ನು ಒಟ್ಟಿಗೆ ಓದೆಂದು ಯಂತ್ರಕ್ಕೆ ಹೇಳುವುದಿಲ್ಲ. ಕಡತದಲ್ಲಿ ಹಿರಿಯ ಭಾಗ ಮೊದಲೆಂದು ನಿಶ್ಚಯಿಸಿಕೊಂಡು, "ಮೊದಲ ಬೈಟನ್ನು ತೆಗೆ, 256ರಿಂದ ಗುಣಿಸು, ಎರಡನೆಯದನ್ನು ಕೂಡಿಸು" ಎಂದು ಬಿಡಿಸಿ ಬರೆಯುತ್ತಾನೆ. ಗುಣಾಕಾರ, ಸಂಕಲನಗಳು ಎಲ್ಲ ಯಂತ್ರಗಳಿಗೂ ಒಂದೇ ಆದುದರಿಂದ ಉತ್ತರವೂ ಒಂದೇ. 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯು ಈ ಜಗಳಕ್ಕೆ ಆಸ್ಪದವನ್ನೇ ಕೊಡುವುದಿಲ್ಲ. ಅದರಲ್ಲಿ 'ಕ' ಎಂದರೆ ಎಲ್ಲೆಡೆಯೂ 224, 178, 149, ಇದೇ ಕ್ರಮದಲ್ಲಿ.

ಕನ್ನಡಕ್ಕೆ ಇನ್ನೊಂದು ತೊಡಕೂ ಇತ್ತು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಂಕೆಯು ಅಕ್ಷರಕ್ಕೆ ಸಂದುದಲ್ಲ, ಅಕ್ಷರದ ಆಕಾರದ ತುಣುಕಿಗೆ ಸಂದುದು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಪುಟವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದು. ಅಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ಇವೆ. ಹಳೆಯ ಯಂತ್ರ ಕೆಡುವ ಮೊದಲೇ ಆ ಕೆಲಸವನ್ನು ಮಾಡಿಕೊಳ್ಳುವುದು ಲೇಸು.

ಹೆಬ್ಬೆಟ್ಟು ಒತ್ತುತ್ತಿದ್ದ ಮನೆಗಳಿಂದ ನಮ್ಮಲ್ಲಿ ಹಲವರು ಮೊದಲಿಗರಾಗಿ ಪದವಿಯ ಹೊಸ್ತಿಲಿಗೆ ಬಂದಿದ್ದೇವೆ. ನಮ್ಮ ಹಿರಿಯರ ಹಾಡು, ಕಥೆ, ಪ್ರಸಂಗಗಳನ್ನು ಬರೆದಿಡುವ ಭಾರ ನಮ್ಮದು. ಹಾಗೆ ಬರೆದುದು ಒಂದು ಯಂತ್ರದ ಆಯುಷ್ಯಕ್ಕೆ ಮುಗಿಯಬಾರದು. ಎಲ್ಲ ಯಂತ್ರಗಳೂ ಒಪ್ಪಿದ ಬಹಿರಂಗ ಸಂಕೇತದಲ್ಲಿಯೇ ಬರೆಯೋಣ. ಮುಂದಿನವರು ಯಾವ ಯಂತ್ರವನ್ನು ತಂದರೂ ಓದಿಯಾರು.